ಭಾರ ಎತ್ತುವ ಕೆಲಸ: ಅಪಾಯ ಅಳೆಯುವಾಗ ‘ಎಷ್ಟು ಕೆ.ಜಿ.’ ಒಂದೇ ಸಾಲದು

ಭಾರ ಎತ್ತುವ ಕೆಲಸದ ಅಪಾಯ ಅಂದಾಜು ಮಾಡಿ ಅಂದರೆ ನಾವೆಲ್ಲ ಮೊದಲು ಕೇಳುವುದು ಒಂದೇ: ಎಷ್ಟು ಕೆ.ಜಿ. ಇದೆ? ನಾನೂ ಮೊದಮೊದಲು ಅಷ್ಟು ಬರೆದುಕೊಂಡು ಮುಂದಕ್ಕೆ ಹೋಗುತ್ತಿದ್ದೆ. ಒಂದು ಲೆಕ್ಕ ಕೂತು ಬಿಡಿಸಿದ ಮೇಲೆ ಗೊತ್ತಾಯಿತು, ಹೊರೆ ಮೈಯಿಂದ ಎಷ್ಟು ದೂರ ಇದೆ ಅನ್ನುವುದೂ ತೂಕದಷ್ಟೇ ಮುಖ್ಯ.

ಒಂದು ಲೀಟರ್ ನೀರಿನ ಬಾಟಲಿಯನ್ನು ಎದೆಗೆ ಒತ್ತಿ ಹಿಡಿಯಿರಿ. ಈಗ ತೋಳು ಪೂರ್ತಿ ಮುಂದೆ ಚಾಚಿ ಹಿಡಿಯಿರಿ. ಸ್ವಲ್ಪ ಹೊತ್ತಿಗೇ ಭುಜ ಸೋತುಹೋಗುತ್ತದೆ, ಅಲ್ವಾ? ಬಾಟಲಿ ಅದೇ, ನೀರೂ ಅಷ್ಟೇ. ಸೊಂಟದ ಕಥೆಯೂ ಇದೇ. ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ ಇರುವ ತಕ್ಕಡಿ ಎಂದುಕೊಳ್ಳಿ. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯಿಂದ ಕೆಲವೇ ಸೆಂ.ಮೀ. ಹಿಂದೆ ಇವೆ. ಹೊರೆ ಅರ್ಧ ಮೀಟರ್ ಮುಂದಿದ್ದರೆ ಅದರ ತೂಕದ ಹಲವು ಪಟ್ಟು ಬಲದಿಂದ ಅವು ಎಳೆಯಬೇಕು. ಆ ಎಳೆತವೆಲ್ಲ ಬೆನ್ನುಮೂಳೆಗಳ ನಡುವಿನ ಮೆತ್ತೆಗಳಾದ ಡಿಸ್ಕ್‌ಗಳ ಮೇಲೆ ಒತ್ತಡವಾಗಿ ಬೀಳುತ್ತದೆ.

ಈಗ ಆ ಲೆಕ್ಕ. ಎಷ್ಟು ತೂಕದವರೆಗೆ ಎತ್ತಬಹುದು ಎಂದು ಹೇಳುವ, ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಸ್ಥೆ ನಯೋಶ್‌ನ (NIOSH) 1991ರ ಪರಿಷ್ಕೃತ ಸೂತ್ರ 23 ಕೆ.ಜಿ.ಯಿಂದ ಶುರುವಾಗುತ್ತದೆ. ಎಲ್ಲವೂ ಅನುಕೂಲವಾಗಿದ್ದಾಗ ಮಾತ್ರ ಅಷ್ಟು. ಒಂದೊಂದು ತೊಂದರೆಗೂ ಅದು ಇಳಿಯುತ್ತಾ ಹೋಗುತ್ತದೆ.

ಗಟ್ಟಿ ಹಿಡಿಕೆ ಇರುವ 15 ಕೆ.ಜಿ. ಪೆಟ್ಟಿಗೆ, ಯಾವಾಗಲೋ ಒಮ್ಮೆ ಎತ್ತುವುದು. ಹಿಡಿಕೆ ನೆಲದಿಂದ 15 ಸೆಂ.ಮೀ. ಮೇಲಿದೆ. ಅದನ್ನು 75 ಸೆಂ.ಮೀ. ಎತ್ತರಕ್ಕೆ ತರಬೇಕು. ಕೈ ಎರಡು ಪಾದದ ಗಂಟುಗಳ ನಡುಬಿಂದುವಿನಿಂದ 50 ಸೆಂ.ಮೀ. ಮುಂದೆ, ಸೊಂಟ 45 ಡಿಗ್ರಿ ತಿರುಗಿದೆ.

ಸೂತ್ರ ಕೊಡುವ ಗುಣಕಗಳು ಇವು: ದೂರಕ್ಕೆ 25 (ಸೂತ್ರದ ಪ್ರಕಾರ ಅನುಕೂಲದ ದೂರ, ಸೆಂ.ಮೀ.ನಲ್ಲಿ) ಭಾಗಿಸು 50, ಅಂದರೆ 0.5. ಕೆಳಗಿಂದ ಎತ್ತುವುದಕ್ಕೆ 0.82, ಎತ್ತುವ ಅಂತರಕ್ಕೆ 0.895, ತಿರುಚುವಿಕೆಗೆ 0.856. ಎಲ್ಲವನ್ನೂ 23ಕ್ಕೆ ಗುಣಿಸಿದರೆ ಉಳಿಯುವುದು ಸುಮಾರು 7.2 ಕೆ.ಜಿ. ಹೊರೆ 15, ಮಿತಿ 7.2. ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ! ಈ ಅನುಪಾತ 1 ದಾಟಿದರೆ ಕೆಲಸವನ್ನು ಬದಲಿಸಬೇಕು ಎಂದರ್ಥ.

ತೂಕ ಮುಟ್ಟಬೇಡಿ. ಪೆಟ್ಟಿಗೆಯನ್ನು 25 ಸೆಂ.ಮೀ.ಗೆ ಹತ್ತಿರ ತನ್ನಿ. ಮಿತಿ 14.4ಕ್ಕೆ ಏರುತ್ತದೆ. ಹಿಡಿಕೆ 75 ಸೆಂ.ಮೀ.ಗೆ ಬರುವಂತೆ ಮೊದಲೇ ಸ್ಟ್ಯಾಂಡ್ ಮೇಲೆ ಇಟ್ಟು, ಸೊಂಟ ತಿರುಗದಂತೆ ನೋಡಿಕೊಂಡರೆ ಪೂರ್ತಿ 23 ವಾಪಸ್.

ಆದರೆ ಈ ಸೂತ್ರ ಎಲ್ಲದಕ್ಕೂ ಅಲ್ಲ. ಒಂದೇ ಕೈಯಲ್ಲಿ ಎತ್ತುವುದು, ಕುಳಿತು ಎತ್ತುವುದು, ತಳ್ಳುವುದು, ಎಳೆಯುವುದು ಇದರ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ನಾಲ್ಕು ಕಡೆಯಿಂದ ನೋಡುವ ‘ಟೈಲ್’ ಪದ್ಧತಿ ಇದೆ: ಕೆಲಸ, ವ್ಯಕ್ತಿ, ಹೊರೆ, ಜಾಗ. ಕೆಲಸದ ಬಗ್ಗೆ ಮೇಲೆ ಆಯಿತು. ಗಂಟೆಗೆ ಎಷ್ಟು ಸಲ, ನಡುವೆ ವಿಶ್ರಾಂತಿ ಇದೆಯಾ ಎಂಬುದನ್ನು ಸೇರಿಸಿಕೊಳ್ಳಿ. ಜಾಗ ಅಂದರೆ ಜಾರುವ ನೆಲ, ಮೆಟ್ಟಿಲು, ಮಂದ ಬೆಳಕು. ವ್ಯಕ್ತಿ ಅಂದರೆ ಹಳೇ ಬೆನ್ನುನೋವು, ಗರ್ಭಿಣಿಯರು, ಕೆಲಸಕ್ಕೆ ಹೊಸಬರು. ಹೊರೆಯಲ್ಲಿ ನಾವು ಮರೆಯುವುದು ಅರ್ಧ ತುಂಬಿದ ಡ್ರಮ್ಮನ್ನು. ತುಂಬಿದ್ದಕ್ಕಿಂತ ಹಗುರವೇ, ಆದರೆ ಒಳಗಿನ ದ್ರವ ತುಳುಕಿ ಸಟ್ಟನೆ ಒಂದು ಕಡೆಗೆ ಎಳೆದುಬಿಡುತ್ತದೆ.

ಅಪಾಯ ಅಂದಾಜಿನ ನಮೂನೆಯ ಪರಿಹಾರದ ಕಾಲಂನಲ್ಲಿ ‘ಎಚ್ಚರಿಕೆಯಿಂದ ಎತ್ತಬೇಕು’ ಎಂದು ಬರೆಯುವ ಚಾಳಿ ನಮಗೆಲ್ಲ ಇದೆ. ಸುಮ್ನೆ ಜಾಗ ತುಂಬಿಸಿದಂತೆ ಅದು. ಈ ಎತ್ತುವ ಕೆಲಸವೇ ತಪ್ಪುತ್ತದಾ ಎಂದು ಮೊದಲು ಕೇಳಿ. ಆಗದಿದ್ದರೆ ಟ್ರಾಲಿಯೋ ಹಾಯ್ಸ್ಟೋ (ಭಾರ ಮೇಲೆತ್ತುವ ಯಂತ್ರ) ಬರುತ್ತದಾ ನೋಡಿ. ಟ್ರಾಲಿ ತಂದರೆ ತಳ್ಳುವ ಅಪಾಯ ಹೊಸದಾಗಿ ಸೇರುತ್ತದೆ, ಅದನ್ನೂ ಅಂದಾಜು ಮಾಡಬೇಕು. ಎತ್ತುವ ತರಬೇತಿ ಇವೆಲ್ಲ ಆದ ಮೇಲೆ.

ಇದನ್ನೆಲ್ಲ ಮೇಜಿನ ಮುಂದೆ ಕೂತು ಬರೆಯಲಾಗದು. ಕೆಲಸ ನಡೆಯುವಲ್ಲಿಗೆ ಟೇಪು ಹಿಡಿದು ಹೋಗಿ, ಒಂದಷ್ಟು ಹೊತ್ತು ನೋಡುತ್ತಾ ನಿಲ್ಲಿ. ಯಾರಾದರೂ ಖಾಲಿ ಕ್ರೇಟ್ ಬೋರಲು ಹಾಕಿ ಅದರ ಮೇಲೆ ಪೆಟ್ಟಿಗೆ ಇಟ್ಟುಕೊಂಡಿದ್ದರೆ, ಯಾಕೆ ಹಾಗೆ ಎಂದು ಕೇಳಿ, ಕ್ರೇಟಿನ ಎತ್ತರ ಅಳೆದುಕೊಳ್ಳಿ.