ಜಡಾನಿಲ ಉಸಿರಾಡಿದ ಹೃದಯ

ಹೃದಯಾಘಾತದಲ್ಲಿ ಮುಚ್ಚಿದ ಧಮನಿ ತೆರೆದೊಡನೆ ಹೃದಯದ ಸ್ನಾಯು ಬಚಾವಾಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ರಕ್ತ ಮರಳಿದ ಮೊದಲ ಕೆಲವು ನಿಮಿಷಗಳಲ್ಲೇ ಸ್ನಾಯುವಿನ ಇನ್ನೊಂದು ಪಾಲು ಸಾಯುತ್ತದೆ. ರಕ್ತ ನಿಂತಿದ್ದಾಗ ಜೀವಕೋಶದಲ್ಲಿ ಆಮ್ಲ ಶೇಖರವಾಗಿರುತ್ತದೆ. ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಒಳಪೊರೆಯಲ್ಲಿರುವ ಒಂದು ರಂಧ್ರವನ್ನು ಮುಚ್ಚಿಟ್ಟಿರುವುದು ಆ ಆಮ್ಲವೇ. ರಕ್ತ ಬಂದು ಆಮ್ಲವನ್ನು ತೊಳೆದುಬಿಡುತ್ತದೆ, ಕ್ಯಾಲ್ಸಿಯಂ ತುಂಬುತ್ತದೆ, ಆಮ್ಲಜನಕದಿಂದ ಜೀವಕೋಶಕ್ಕೆ ಹಾನಿ ಮಾಡುವ ಮುಕ್ತ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಆಗ ರಂಧ್ರ ತೆರೆದುಕೊಳ್ಳುತ್ತದೆ. ಜೀವಕೋಶದ ಇಂಧನವಾದ ಎಟಿಪಿಯ ತಯಾರಿಕೆ ನಿಲ್ಲುತ್ತದೆ, ನೀರು ನುಗ್ಗಿ ಮೈಟೊಕಾಂಡ್ರಿಯ ಉಬ್ಬಿ ಒಡೆಯುತ್ತದೆ.

ಈ ರಂಧ್ರವನ್ನು ಇನ್ನಷ್ಟು ಹೊತ್ತು ಮುಚ್ಚಿಡಲು ಹೀಲಿಯಂಗೆ ಸಾಧ್ಯ! ಯಾವುದರೊಂದಿಗೂ ಸುಲಭಕ್ಕೆ ಸಂಯೋಗವಾಗದ ಈ ಜಡಾನಿಲ ದೇಹಕ್ಕೆ ಏನು ಮಾಡೀತು ಎಂಬ ಉಡಾಫೆ ಇಲ್ಲಿ ನಿಲ್ಲುವುದಿಲ್ಲ. 2007ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು ಮೊಲಗಳಿಗೆ 70% ಹೀಲಿಯಂ, 30% ಆಮ್ಲಜನಕದ ಮಿಶ್ರಣವನ್ನು ಐದೈದು ನಿಮಿಷದಂತೆ ಮೂರು ಸಲ ಕೊಟ್ಟರು. ನಡುವೆ ಹೀಲಿಯಂ ಬದಲು ನೈಟ್ರೋಜನ್. ಬಳಿಕ ಹೃದಯದ ಧಮನಿಯನ್ನು 30 ನಿಮಿಷ ಕಟ್ಟಿ, ನಂತರ ಬಿಚ್ಚಿದರು. ಸತ್ತ ಸ್ನಾಯುವಿನ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ನಿಯಾನ್, ಆರ್ಗಾನ್ ಕೊಟ್ಟಾಗಲೂ ಅಷ್ಟೇ. ರಂಧ್ರವನ್ನು ಬಲವಂತವಾಗಿ ತೆರೆಸುವ ಅಟ್ರಾಕ್ಟಿಲೊಸೈಡ್ ಕೊಟ್ಟರೆ ಹೀಲಿಯಂ ಕೊಟ್ಟ ರಕ್ಷಣೆ ಇಲ್ಲವಾಯಿತು. ಕೆಲಸ ನಡೆಯುವ ಜಾಗ ಪತ್ತೆಯಾದದ್ದು ಹೀಗೆ. ಇಂಥದೇ ಇನ್ನೊಂದು ಜಡಾನಿಲ ಝೆನಾನ್ ಅರಿವಳಿಕೆಯೂ ಹೌದು, ಆದರೆ ಹೀಲಿಯಂ ಪ್ರಜ್ಞೆ ತಪ್ಪಿಸುವುದಿಲ್ಲ. ಹಾಗಾಗಿ ಮಂಪರಿಗೂ ಈ ರಕ್ಷಣೆಗೂ ಸಂಬಂಧ ಇರಲೇಬೇಕೆಂದಿಲ್ಲ.

ಆ 30% ಆಮ್ಲಜನಕದಲ್ಲಿ ರಾಜಿಯಿಲ್ಲ. ಸಿಲಿಂಡರಿನ ಶುದ್ಧ ಹೀಲಿಯಂ ಎಳೆದುಕೊಂಡರೆ ಶ್ವಾಸಕೋಶದ ಆಮ್ಲಜನಕವೇ ಹೊರಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್ ಕೂಡ ಹೊರಹೋಗುವುದರಿಂದ ಉಸಿರು ಕಟ್ಟಿದ ಅನುಭವವೇ ಇರದೆ ಮನುಷ್ಯ ಕುಸಿಯುತ್ತಾನೆ. ದಯವಿಟ್ಟು ಯಾರೂ ಇದನ್ನು ಪರೀಕ್ಷಿಸಬೇಡಿ.

ಮೊಲದಲ್ಲಿ ಕಂಡದ್ದು ರೋಗಿಯಲ್ಲಿ ಕಾಣಲೇಬೇಕೆಂದೂ ಇಲ್ಲ. ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಂದವರಿಗೆ ಇದೇ ರೀತಿ ಹೀಲಿಯಂ ಕೊಟ್ಟಾಗ ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನ್ ತಗ್ಗಲಿಲ್ಲ. ಇದಕ್ಕೆ ಕಾರಣಗಳು ಹಲವಿರಬಹುದು: ಮೊಲಗಳು ಆರೋಗ್ಯವಾಗಿದ್ದವು, ವಯಸ್ಸು, ಮಧುಮೇಹ ಇಂಥ ರಕ್ಷಣೆಯನ್ನು ಮಂಕಾಗಿಸುತ್ತವೆ, ಕೆಲವು ಅರಿವಳಿಕೆ ಅನಿಲಗಳು ಮೊದಲೇ ಅದೇ ರಕ್ಷಣೆ ಕೊಟ್ಟಿರುತ್ತವೆ. ಝೆನಾನ್ ಕಥೆ ಸ್ವಲ್ಪ ಮುಂದೆ ಹೋಗಿದೆ. ಆಸ್ಪತ್ರೆಯ ಹೊರಗೆ ಹೃದಯ ನಿಂತು ಬದುಕಿಸಲ್ಪಟ್ಟ 110 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಫಿನ್ಲೆಂಡ್‌ನ ವೈದ್ಯರು ದೇಹವನ್ನು 33 ಡಿಗ್ರಿಗೆ ತಂಪಾಗಿಸಿ 24 ಗಂಟೆ ಝೆನಾನ್ ಕೊಟ್ಟರು. ಬರೀ ತಂಪು ಮಾಡಿದವರಿಗಿಂತ ಇವರಲ್ಲಿ ಟ್ರೋಪೋನಿನ್ ಏರಿಕೆ ಕಡಿಮೆಯಿತ್ತು. ಆರು ತಿಂಗಳ ಸಾವಿನ ಲೆಕ್ಕದಲ್ಲಿ ಮಾತ್ರ ಖಚಿತ ವ್ಯತ್ಯಾಸ ಕಾಣಲಿಲ್ಲ. ಅದನ್ನು ತೋರಿಸಲು 110 ಮಂದಿ ಸಾಲದು.