ಲೂಪಸ್: ಹೆಚ್ಚು ಬರುವುದು ಯಾರಿಗೆ, ಹೆಚ್ಚು ಹಾನಿ ಮಾಡುವುದು ಯಾರಿಗೆ?

ಸಿಸ್ಟಮಿಕ್ ಲೂಪಸ್ ಎರಿಥೆಮಟೋಸಸ್, ಚಿಕ್ಕದಾಗಿ ಲೂಪಸ್, ಎಂದರೆ ರೋಗನಿರೋಧಕ ವ್ಯವಸ್ಥೆ ದೇಹದ ಸ್ವಂತ ಅಂಗಗಳ ಮೇಲೆಯೇ ದಾಳಿ ಮಾಡುವ ಕಾಯಿಲೆ. ಅದರ ಕುರಿತು ಓದಲು ಕುಳಿತ ಎಲ್ಲರ ನೆನಪಿನಲ್ಲೂ ಮೊದಲು ಉಳಿಯುವುದು 9:1 ಎಂಬ ಅನುಪಾತ. ಸಂತಾನೋತ್ಪತ್ತಿಯ ವಯಸ್ಸಿನಲ್ಲಿ ಒಬ್ಬ ಪುರುಷ ರೋಗಿಗೆ ಸರಿಸುಮಾರು ಒಂಬತ್ತು ಮಂದಿ ಸ್ತ್ರೀ ರೋಗಿಗಳಿರುತ್ತಾರೆ. ಪ್ರೌಢಾವಸ್ಥೆಗೆ ಮುನ್ನ ಮತ್ತು ಋತುಬಂಧದ ನಂತರ ಈ ಅಂತರ ಸಾಕಷ್ಟು ತಗ್ಗುತ್ತದೆ. ಆದರೆ ಈ ಅನುಪಾತ ಉತ್ತರಿಸುವುದು ಕಾಯಿಲೆ ಯಾರಿಗೆ ಹೆಚ್ಚಾಗಿ ಬರುತ್ತದೆ ಎಂಬ ಪ್ರಶ್ನೆಗೆ ಮಾತ್ರ. ಬಂದ ಮೇಲೆ ಯಾರಲ್ಲಿ ಅದು ಉಗ್ರವಾಗುತ್ತದೆ, ಯಾವ ಅಂಗಕ್ಕೆ ಪೆಟ್ಟು ಕೊಡುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಬೆರೆಸಿಕೊಂಡು ಓದಿದರೆ ಉತ್ತರವೂ ಕಲಸಿಹೋಗುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಈ ಟಿಪ್ಪಣಿಯಲ್ಲಿ ಅವನ್ನು ಬೇರ್ಪಡಿಸಿಯೇ ನೋಡೋಣ.

ಸ್ತ್ರೀಯರಲ್ಲಿ ಹೆಚ್ಚು ಕಾಣಿಸಿಕೊಳ್ಳುವುದಕ್ಕೆ ಬಹಳ ಕಾಲ ಹಾರ್ಮೋನುಗಳನ್ನೇ ಮುಖ್ಯ ಕಾರಣವೆಂದು ಹೇಳಲಾಗುತ್ತಿತ್ತು. ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್, ಪ್ರತಿಕಾಯಗಳನ್ನು ತಯಾರಿಸುವ ಬಿ ಜೀವಕೋಶಗಳ ಉಳಿವಿಗೂ ಆ ಪ್ರತಿಕಾಯಗಳ ಉತ್ಪಾದನೆಗೂ ನೆರವಾಗುತ್ತದೆ, ಪುರುಷ ಹಾರ್ಮೋನುಗಳಾದ ಆಂಡ್ರೋಜನ್‌ಗಳು ಸಾಮಾನ್ಯವಾಗಿ ಅದಕ್ಕೆ ಕಡಿವಾಣ ಹಾಕುತ್ತವೆ. ಲೂಪಸ್‌ನಂಥ ಕಾಯಿಲೆ ತಾನಾಗಿಯೇ ಬರುವ ಒಂದು ಇಲಿತಳಿಯಲ್ಲಿ ಹೆಣ್ಣಿಲಿಗಳಿಗೆ ರೋಗ ಬೇಗ ಬರುತ್ತದೆ. ಗಂಡಿಲಿಗಳ ವೃಷಣಗಳನ್ನು ತೆಗೆದರೆ ಅವುಗಳಿಗೂ ಬೇಗನೆ ಬರುತ್ತದೆ. ಹಾರ್ಮೋನಿನ ವಾದಕ್ಕೆ ಇದು ಗಟ್ಟಿ ಆಧಾರವಾದರೂ ಅದರಿಂದ ಎಲ್ಲವೂ ವಿವರವಾಗುವುದಿಲ್ಲ. ಪ್ರೌಢಾವಸ್ಥೆಗೆ ಮೊದಲೇ, ಅಂದರೆ ಹಾರ್ಮೋನುಗಳ ಅಂತರ ಅತ್ಯಲ್ಪವಾಗಿರುವಾಗಲೂ, ಹುಡುಗಿಯರ ಸಂಖ್ಯೆಯೇ ಮುಂದಿರುತ್ತದೆ.

ಎಕ್ಸ್ ವರ್ಣತಂತುವಿನ ಪಾತ್ರ ಇಲ್ಲಿ ಮುಖ್ಯವಾಗುತ್ತದೆ, ನನಗೆ ಈ ವಿಷಯದಲ್ಲಿ ಅತ್ಯಂತ ಆಸಕ್ತಿ ಮೂಡಿಸುವ ಭಾಗವೂ ಇದೇ. ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಇರುವ ಪುರುಷರಲ್ಲಿ ಎರಡು ಎಕ್ಸ್, ಒಂದು ವೈ ಇರುತ್ತವೆ. ಅವರಲ್ಲಿ ಲೂಪಸ್ ಅಪಾಯ ಇತರ ಪುರುಷರಿಗಿಂತ ಸುಮಾರು 14 ಪಟ್ಟು ಹೆಚ್ಚು ಎಂದು ಅಂದಾಜಿಸಲಾಗಿದೆ, ಅಂದರೆ ಅದು ಸ್ತ್ರೀಯರ ಅಪಾಯದ ಹತ್ತಿರಕ್ಕೆ ಬರುತ್ತದೆ. ಇವರಲ್ಲಿ ಟೆಸ್ಟೋಸ್ಟೆರಾನ್ ಕೂಡ ಕಡಿಮೆಯಿರುವುದರಿಂದ ಇದು ಹಾರ್ಮೋನಿನದೇ ಪರಿಣಾಮ ಎಂದು ಯಾರಾದರೂ ವಾದಿಸಬಹುದು. ಆದರೆ ಮೂರು ಎಕ್ಸ್ ವರ್ಣತಂತುಗಳಿರುವ ಸ್ತ್ರೀಯರಲ್ಲಿಯೂ ಎರಡು ಎಕ್ಸ್ ಇರುವ ಸ್ತ್ರೀಯರಿಗಿಂತ ಅಪಾಯ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡುಬಂದಿರುವುದರಿಂದ, ವರ್ಣತಂತುವಿನ ಸಂಖ್ಯೆಗೇ ಸ್ವಂತ ಪ್ರಭಾವವಿದೆ ಎಂದು ಹೇಳುವುದಕ್ಕೆ ಬಲ ಬರುತ್ತದೆ. ಸ್ತ್ರೀಯರ ಪ್ರತಿ ಜೀವಕೋಶದಲ್ಲೂ ಒಂದು ಎಕ್ಸ್ ನಿಷ್ಕ್ರಿಯವಾಗಿರುತ್ತದಾದರೂ ಅದರ ಎಲ್ಲ ಜೀನ್‌ಗಳೂ ಮೌನವಾಗುವುದಿಲ್ಲ. ಆರ್‌ಎನ್‌ಎಯನ್ನು ಗುರುತಿಸಿ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವ ಟಿಎಲ್‌ಆರ್7 ಜೀನ್ ಕೆಲವು ನಿರೋಧಕ ಜೀವಕೋಶಗಳಲ್ಲಿ ಹೀಗೆ ತಪ್ಪಿಸಿಕೊಂಡು ಎರಡೂ ಪ್ರತಿಗಳಿಂದ ಕೆಲಸ ಮಾಡುತ್ತದೆ. 2022ರಲ್ಲಿ ಈ ಜೀನಿನ ಒಂದೇ ಒಂದು ರೂಪಾಂತರವು ಅತಿಯಾದ ಚಟುವಟಿಕೆಯ ಮೂಲಕ ಬಾಲ್ಯದಲ್ಲೇ ಲೂಪಸ್ ಉಂಟುಮಾಡಿದ್ದನ್ನು ಸಂಶೋಧಕರು ತೋರಿಸಿದ್ದಾರೆ. 2024ರಲ್ಲಿ, ಎಕ್ಸ್ ನಿಷ್ಕ್ರಿಯಗೊಳಿಸುವ ಕ್ಸಿಸ್ಟ್ ಎಂಬ ಆರ್‌ಎನ್‌ಎಯನ್ನು ಗಂಡಿಲಿಗಳಲ್ಲಿ ಕೃತಕವಾಗಿ ಉತ್ಪಾದಿಸಿದಾಗ, ಪ್ರಚೋದಕ ರಾಸಾಯನಿಕ ನೀಡಿದ ಮೇಲೆ ಅವುಗಳ ಕಾಯಿಲೆ ಹೆಣ್ಣಿಲಿಗಳ ಮಟ್ಟಕ್ಕೆ ಸಮೀಪಿಸಿತು. ಕ್ಸಿಸ್ಟ್‌ಗೆ ಅಂಟಿಕೊಳ್ಳುವ ಹಲವು ಪ್ರೋಟೀನುಗಳ ವಿರುದ್ಧವೇ ರೋಗಿಗಳಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ ಎಂಬುದೂ ಇದರೊಂದಿಗೆ ಹೊಂದುತ್ತದೆ.

ಈಗ ತೀವ್ರತೆಯ ಪ್ರಶ್ನೆ. ಹಲವು ದೇಶಗಳ ರೋಗಿ ಸಮೂಹಗಳಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಕಾಣುತ್ತದೆ: ಪುರುಷರಲ್ಲಿ ಮೂತ್ರಪಿಂಡದ ಉರಿಯೂತ, ಹೃದಯ ಮತ್ತು ಶ್ವಾಸಕೋಶದ ಪೊರೆಗಳ ಉರಿಯೂತ, ರಕ್ತ ಹೆಪ್ಪುಗಟ್ಟುವ ತೊಂದರೆ ಹೆಚ್ಚು, ಸ್ತ್ರೀಯರಲ್ಲಿ ಕೆನ್ನೆಯ ಮೇಲಿನ ಚಿಟ್ಟೆಯಾಕಾರದ ಕೆಂಪು ಗಂದೆ, ಬಿಸಿಲಿಗೆ ಚರ್ಮ ಪ್ರತಿಕ್ರಿಯಿಸುವುದು, ಕೂದಲು ಉದುರುವುದು, ಚಳಿಗೆ ಬೆರಳು ಬಿಳಿಚುವ ರೇನೋ ಲಕ್ಷಣ ಮತ್ತು ಕೀಲುನೋವು ಹೆಚ್ಚು. ಅಮೆರಿಕದ ಲೂಮಿನಾ ಸಮೂಹದ 2007ರ ವರದಿಯ ಪ್ರಕಾರ ಸರಿಪಡಿಸಲಾಗದ ಅಂಗಹಾನಿ ಪುರುಷರಲ್ಲಿ ವೇಗವಾಗಿ, ವಿಶೇಷವಾಗಿ ಕಾಯಿಲೆಯ ಆರಂಭದ ಹಂತದಲ್ಲೇ, ಕೂಡಿಕೊಳ್ಳುತ್ತದೆ. ಸಾವಿನ ವಿಷಯದಲ್ಲಿ ಮಾತ್ರ ಫಲಿತಾಂಶಗಳು ಏಕಮುಖವಾಗಿಲ್ಲ. ವಯಸ್ಸು, ಮೂತ್ರಪಿಂಡದ ಸ್ಥಿತಿ, ಆರ್ಥಿಕ ಪರಿಸ್ಥಿತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಕೆಲವು ಅಧ್ಯಯನಗಳಲ್ಲಿ ಅಂತರ ಉಳಿಯುತ್ತದೆ, ಕೆಲವುಗಳಲ್ಲಿ ಅಳಿಸಿಹೋಗುತ್ತದೆ.

ಪುರುಷರಲ್ಲಿ ಅಪರೂಪವಾಗಿ ಬರುವ ಕಾಯಿಲೆ ಬಂದಾಗ ಉಗ್ರವಾಗುವುದೇಕೆ? ಒಂದು ವಿವರಣೆ ಹೊಸ್ತಿಲಿನದು. ಒಂದೇ ಎಕ್ಸ್ ವರ್ಣತಂತು ಮತ್ತು ಪುರುಷ ಹಾರ್ಮೋನುಗಳ ರಕ್ಷಣೆಯಿರುವ ಪುರುಷನಲ್ಲಿ ಕಾಯಿಲೆ ಹುಟ್ಟಬೇಕಾದರೆ ಉಳಿದ ಆನುವಂಶಿಕ ಅಪಾಯಗಳ ಭಾರ ಇನ್ನಷ್ಟು ಇರಬೇಕಾಗುತ್ತದೆ. 2012ರ ಒಂದು ವಿಶ್ಲೇಷಣೆಯಲ್ಲಿ ಲೂಪಸ್ ಇರುವ ಪುರುಷರ ಒಟ್ಟು ಆನುವಂಶಿಕ ಅಪಾಯ ಸ್ತ್ರೀ ರೋಗಿಗಳಿಗಿಂತ ಹೆಚ್ಚಿರುವುದು ಕಂಡುಬಂದಿದೆ. ಇನ್ನೊಂದು ವಿವರಣೆ ಗುರುತಿಸುವಿಕೆಯದು, ಇದನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. ಇದು ಸ್ತ್ರೀಯರ ಕಾಯಿಲೆ ಎಂಬ ಭಾವನೆ ಬಲವಾಗಿದ್ದಾಗ ಕೀಲುನೋವು, ಆಯಾಸವೆಂದು ಬಂದ ಪುರುಷನಲ್ಲಿ ಲೂಪಸ್ ವೈದ್ಯರ ಯೋಚನೆಗೆ ಬಾರದೆ, ಮೂತ್ರಪಿಂಡ ಕೆಟ್ಟ ನಂತರವೇ ಪತ್ತೆಯಾಗಬಹುದು. ಆಗ ಸೌಮ್ಯ ರೂಪದ ಪುರುಷ ರೋಗಿಗಳು ಅಧ್ಯಯನಗಳಿಗೆ ಸೇರುವುದೇ ಇಲ್ಲ, ಉಗ್ರರೂಪದವರಷ್ಟೇ ಎಣಿಕೆಗೆ ಸಿಗುತ್ತಾರೆ. ಎರಡೂ ಕಾರಣಗಳು ಒಟ್ಟಿಗೇ ಇರಬಹುದೆಂದೇ ನನಗೆ ತೋರುತ್ತದೆ.

ಅಂಕಿಗಳನ್ನು ಓದುವ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. 1,000 ರೋಗಿಗಳಲ್ಲಿ 900 ಸ್ತ್ರೀಯರು, 100 ಪುರುಷರು ಇದ್ದಾರೆಂದು ಭಾವಿಸೋಣ. ಮೂತ್ರಪಿಂಡದ ತೊಂದರೆ ಸ್ತ್ರೀಯರಲ್ಲಿ ನೂರಕ್ಕೆ 40, ಪುರುಷರಲ್ಲಿ ನೂರಕ್ಕೆ 55 ಎಂದೂ ಊಹಿಸೋಣ. ಪ್ರಮಾಣ ಪುರುಷರಲ್ಲಿ ಹೆಚ್ಚು. ಆದರೆ ಆ ತೊಂದರೆ ಅನುಭವಿಸುವವರು 360 ಸ್ತ್ರೀಯರು, 55 ಪುರುಷರು. ಹಾಗಾಗಿ ಪುರುಷರಲ್ಲಿ ಉಗ್ರ ಎಂಬ ವಾಕ್ಯವನ್ನು ಸ್ತ್ರೀಯರಲ್ಲಿ ಸೌಮ್ಯ ಎಂದು ತಿರುಗಿಸಿಕೊಳ್ಳುವುದು ಅಪಾಯಕಾರಿ. ಹೃದ್ರೋಗದಲ್ಲೂ ಹೀಗೆಯೇ. 1997ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಲೂಪಸ್ ಇರುವ 35ರಿಂದ 44ರ ವಯಸ್ಸಿನ ಸ್ತ್ರೀಯರಿಗೆ ಹೃದಯಾಘಾತವಾಗುವ ಸಾಧ್ಯತೆ ಅದೇ ವಯಸ್ಸಿನ ಇತರ ಸ್ತ್ರೀಯರಿಗಿಂತ 50 ಪಟ್ಟಿಗೂ ಹೆಚ್ಚಿತ್ತು. ಆ ವಯಸ್ಸಿನಲ್ಲಿ ಮೂಲ ಅಪಾಯ ತೀರ ಕಡಿಮೆಯಿರುವುದರಿಂದ ಗುಣಕ ಇಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ನಿಜ. ಆದರೂ ಯುವತಿಯೊಬ್ಬಳ ಎದೆನೋವನ್ನು ಆತಂಕವೆಂದು ತಳ್ಳಿಹಾಕುವವರಿಗೆ ಈ ಸಂಖ್ಯೆ ಬಲವಾದ ಎಚ್ಚರಿಕೆ.

ಚಿಕಿತ್ಸೆಯ ಮೂಲ ಔಷಧಗಳು ಇಬ್ಬರಿಗೂ ಒಂದೇ, ಹೈಡ್ರಾಕ್ಸಿಕ್ಲೋರೋಕ್ವಿನ್ ಇಬ್ಬರಿಗೂ ಅಡಿಪಾಯ. ಅಡ್ಡಪರಿಣಾಮಗಳ ತೂಕ ಮಾತ್ರ ಬೇರೆ. ಉಗ್ರ ಲೂಪಸ್‌ಗೆ ಕೊಡುವ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಹೆಚ್ಚಿನ ಒಟ್ಟು ಪ್ರಮಾಣದಲ್ಲಿ ಅಂಡಾಶಯವನ್ನು ಅಕಾಲದಲ್ಲಿ ನಿಷ್ಕ್ರಿಯಗೊಳಿಸಬಲ್ಲದು, ವಯಸ್ಸು ಹೆಚ್ಚಿದಷ್ಟೂ ಆ ಅಪಾಯ ಹೆಚ್ಚು. ಪುರುಷರಲ್ಲಿಯೂ ಅದು ವೀರ್ಯಾಣುಗಳ ಉತ್ಪಾದನೆಯನ್ನು ಕುಗ್ಗಿಸುತ್ತದೆ, ಆದರೆ ಇವರೊಂದಿಗೆ ಆ ಮಾತುಕತೆ ನಡೆಯದೇ ಹೋಗುವ ಸಂಭವ ಹೆಚ್ಚು. ಅಂಥದ್ದೇ ಇನ್ನೊಂದು ಔಷಧ ಮೈಕೋಫಿನೋಲೇಟ್ ಭ್ರೂಣಕ್ಕೆ ಹಾನಿಕರವಾದ್ದರಿಂದ ಗರ್ಭ ಧರಿಸಲು ಬಯಸುವವರು ಕನಿಷ್ಠ ಆರು ವಾರ ಮೊದಲೇ ಅದನ್ನು ವೈದ್ಯರ ಸಲಹೆಯಂತೆ ಬದಲಿಸಬೇಕು, ಮತ್ತು ಕಾಯಿಲೆ ಆರು ತಿಂಗಳಾದರೂ ಶಾಂತವಾಗಿದ್ದ ಮೇಲೆ ಗರ್ಭ ಧರಿಸುವುದು ಸುರಕ್ಷಿತ. ಮೂತ್ರಪಿಂಡದ ಉರಿಯೂತವು ಆರಂಭದಲ್ಲಿ ನೋವನ್ನೇ ಕೊಡದಿರುವುದರಿಂದ, ಗಂದೆಯಿಲ್ಲದ ಪುರುಷ ರೋಗಿಯಲ್ಲಿ ಪ್ರತಿ ಭೇಟಿಯಲ್ಲೂ ಮೂತ್ರದ ಪ್ರೋಟೀನ್ ಮತ್ತು ರಕ್ತದೊತ್ತಡ ನೋಡುವುದನ್ನು ತಪ್ಪಿಸಬಾರದು. ದಿನಕ್ಕೆ ಅರ್ಧ ಗ್ರಾಂ ಮೀರಿದ ಪ್ರೋಟೀನ್ ಕಂಡರೆ ಮೂತ್ರಪಿಂಡದ ಬಯಾಪ್ಸಿಯ (ಸಣ್ಣ ಚೂರು ತೆಗೆದು ಪರೀಕ್ಷಿಸುವುದರ) ಬಗ್ಗೆ ಯೋಚಿಸಬೇಕು.