ಕನ್ನ ಬಿದ್ದ ಮನೆಯವರ ಸಂಕಟಕ್ಕೆ ಕಾನೂನು ಕಣ್ಣು ತೆರೆದ ಬಗೆ

ಕಳ್ಳರು ಗೋಡೆಗೆ ಕೊರೆಯುವ ಕಿಂಡಿಗೆ ನಾವು ‘ಕನ್ನ’ ಎನ್ನುತ್ತೇವೆ. 1860ರ ಭಾರತೀಯ ದಂಡ ಸಂಹಿತೆ ಮನೆಗನ್ನವನ್ನು ವಿವರಿಸಲು ಕೊಟ್ಟ ಮೊದಲ ಉದಾಹರಣೆಯೂ ಅದೇ: ಗೋಡೆಯಲ್ಲಿ ತೂತು ಕೊರೆದು ಒಳಗೆ ಕೈ ಹಾಕಿದರೆ ಸಾಕು, ಅದು ಅಪರಾಧ. ಸಾಮಾನ್ಯ ಕಳ್ಳತನಕ್ಕೆ 3 ವರ್ಷದವರೆಗಿನ ಸೆರೆ ವಿಧಿಸಿದ್ದ ಆ ಸಂಹಿತೆ, ವಾಸದ ಮನೆಯಲ್ಲಿ ಕದ್ದರೆ ಅದನ್ನು 7 ವರ್ಷಕ್ಕೂ, ಕದಿಯಲೆಂದು ರಾತ್ರಿ ಕನ್ನ ಹಾಕಿದರೆ 14 ವರ್ಷಕ್ಕೂ ಏರಿಸಿತ್ತು. ಕದ್ದ ವಸ್ತುವಿನ ಬೆಲೆ ಒಂದೇ ಆದರೂ ಶಿಕ್ಷೆ ಹೀಗೆ ಬೆಳೆಯಲು, ಮಲಗಿದವರ ಭಯಕ್ಕೂ ತೂಕವಿದೆ ಎಂಬ ತಿಳಿವಳಿಕೆಯೇ ಕಾರಣವಿರಬೇಕು. ಆದರೆ ಭಯಪಟ್ಟವರ ಗತಿಯೇನು ಎಂದು ಆಗ ಯಾರೂ ಕೇಳಲಿಲ್ಲ.

ಕೇಳಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರ. ಅಲ್ಲಿ 1974ರಲ್ಲಿ ಆರಂಭವಾದ ಯೋಜನೆಯ ಸ್ವಯಂಸೇವಕರು ಅಪರಾಧಕ್ಕೆ ತುತ್ತಾದವರ ಮನೆಗೇ ಹೋಗಿ ಮಾತನಾಡಿಸುತ್ತಿದ್ದರು. ಅಪರಾಧಶಾಸ್ತ್ರಜ್ಞ ಮೈಕ್ ಮಗ್ವೈರ್ ಮನೆಗನ್ನದ 322 ಸಂತ್ರಸ್ತರನ್ನು ಸಂದರ್ಶಿಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುನಷ್ಟಕ್ಕಿಂತ ಯಾರೋ ಒಳಹೊಕ್ಕರೆಂಬ ಸಂಕಟವೇ ದೊಡ್ಡದೆಂದವರು ಹೆಚ್ಚು. ಅಪರಾಧದ ಸಂತ್ರಸ್ತರ ಕುರಿತ 1985ರ ವಿಶ್ವಸಂಸ್ಥೆಯ ಘೋಷಣೆ ಭಾವನಾತ್ಮಕ ಯಾತನೆಯನ್ನೂ ಹಾನಿಯೆಂದೇ ಎಣಿಸಿತು.

ಮದುವೆಗೋ ಜಾತ್ರೆಗೋ ಹೋಗಿ ಬಂದು, ಮುರಿದ ಬೀಗವನ್ನೂ ಬೀರುವಿನಿಂದ ನೆಲಕ್ಕೆ ಚೆಲ್ಲಿದ ಸೀರೆಗಳನ್ನೂ ಕಂಡ ನಮ್ಮವರು, ಹೊಸ ಚಿಲಕ ಹಾಕಿಸಿದ ಮೇಲೂ ನಡುರಾತ್ರಿ ಎದ್ದು ಬಾಗಿಲು ನೋಡುತ್ತಾರೆ. ಒಡವೆಯನ್ನು ಮನೆಯಲ್ಲೇಕೆ ಇಟ್ಟಿರಿ ಎಂದು ನೆಂಟರು ಕೇಳಿದಾಗ ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ. ವರ್ಷಗಟ್ಟಲೆ ಮನೆಗೆಲಸಕ್ಕೆ ಬಂದವಳನ್ನೂ ಅನುಮಾನಿಸುತ್ತಾರೆ. ಆ ಅನುಮಾನದಿಂದ ನೋಯುವ ಇನ್ನೊಂದು ಮನೆಯ ದೂರು ಯಾವ ಠಾಣೆಗೂ ಹೋಗುವುದಿಲ್ಲ.

2009ರ ಕೊನೆಯ ದಿನ ಜಾರಿಗೆ ಬಂದ ತಿದ್ದುಪಡಿಯು, ನಷ್ಟ ಅಥವಾ ಹಾನಿ ಅನುಭವಿಸಿದವರೇ ಸಂತ್ರಸ್ತರೆಂದು, ತನಿಖೆ ಮತ್ತು ವಿಚಾರಣೆಯ ಕ್ರಮವನ್ನು ಹೇಳುವ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ವ್ಯಾಖ್ಯಾನಿಸಿತು. ಹಾನಿಯೆಂದರೆ ಮನಸ್ಸಿಗಾದ ಕೇಡೂ ಹೌದೆಂದು 1860ರ ಸಂಹಿತೆ ಆಗಲೇ ಹೇಳಿತ್ತೆಂಬುದು ಸ್ವಾರಸ್ಯ. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ, ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸಬೇಕೆನ್ನುತ್ತದೆ. ಆದರೂ ಮಹಜರಿನಲ್ಲಿ ಕಾಣುವುದು ಮುರಿದ ಬೀಗ ಮತ್ತು ಗ್ರಾಂ ಲೆಕ್ಕವೇ.

ಸಿಕ್ಕ ಸ್ವತ್ತನ್ನು ಠಾಣೆಯಲ್ಲೇ ಇರಿಸಿಕೊಳ್ಳದೆ, ಫೋಟೊ ತೆಗೆದು, ಪಂಚನಾಮೆ ಮಾಡಿ ಬೇಗನೆ ಹಿಂದಿರುಗಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಆದರೆ ಎಷ್ಟೋ ಸಲ ಅಷ್ಟರಲ್ಲಿ ಒಡವೆ ಕರಗಿ ಚಿನ್ನದ ಗಟ್ಟಿಯಾಗಿರುತ್ತದೆ. ತೂಕ ಸರಿಯಿದ್ದರೂ ಅಜ್ಜಿ ಕೊಟ್ಟ ಅವಲಕ್ಕಿ ಸರ ಅದರಲ್ಲಿ ಇರುವುದಿಲ್ಲ.